ಇಸ್ತ್ರಿ ಅಂಗಡಿಯ ಮೇಲಿನ ಹಿರಿಯರು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಬಹಳ ಯೋಚಿಸಿದ್ದೇನೆ. ನಾನು ಇಸ್ತ್ರಿ ಅಂಗಡಿಯವನು. ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಅರ್ಧ ನಿದ್ದೆಯಲ್ಲಿ. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಕಥೆ ಹೇಳುವುದೂ ಬಟ್ಟೆ ಉಜ್ಜಿದ ಹಾಗೆಯೇ. ಈ ಕಡೆ ಎಳೆದರೆ ಆ ಕಡೆ ಸುಕ್ಕು ಬೀಳುತ್ತದೆ. ತಿಳಿದವರು ಕ್ಷಮಿಸಬೇಕು. ಆದರೆ ಈ ಸಂಗತಿಯನ್ನು ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ನಿವೃತ್ತ ಗುಮಾಸ್ತರು ಹೇಳುವುದರಲ್ಲಂತೂ ನಾನು ಬರುವುದೇ ಇಲ್ಲ. ಅದಕ್ಕೇ ಇಷ್ಟು ಧೈರ್ಯ ಮಾಡಿದ್ದೇನೆ.

ನಮ್ಮ ಕಟ್ಟಡದಲ್ಲಿ ಕೆಳಗೆ ನನ್ನ ಅಂಗಡಿ, ಅದರ ಹಿಂದೆ ನಾನಿರುವ ಕೋಣೆ, ಮೇಲೆ ಒಂದು ಮನೆ. ಆ ಮೇಲಿನ ಮನೆಗೆ ಇಬ್ಬರು ಪರದೇಶದ ಹುಡುಗರು ಬಾಡಿಗೆಗೆ ಬಂದರು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈ, ಬೆನ್ನಿಗೊಂದು ಚೀಲ, ತಲೆಗೆ ಹೆಲ್ಮೆಟ್ಟು, ಓಡಾಡಲು ಸೈಕಲ್ಲು. ಮಾರ್ಮನ್ ಎಂಬ ಪಂಥದ ಪ್ರಚಾರಕರೆಂದು ಆಮೇಲೆ ತಿಳಿಯಿತು. ಮೊದಲು ನಾವೆಲ್ಲ ನೀರಿನ ಫಿಲ್ಟರ್ ಮಾರುವವರು ಎಂದುಕೊಂಡಿದ್ದೆವು. ಟೈ ಕಟ್ಟಿಕೊಂಡು ಮನೆಮನೆಯ ಬಾಗಿಲು ತಟ್ಟುವವರು ಬೇರೆ ಯಾರಿರುತ್ತಾರೆ? ಮೂಲೆಮನೆ ಅಜ್ಜಿಯಂತೂ ಅವರನ್ನು ಒಳಗೆ ಕರೆದು ಸೋರುವ ನಲ್ಲಿ ತೋರಿಸಿದ್ದರು. ಪಾಪ, ಅವರು ಅದನ್ನು ರಿಪೇರಿ ಮಾಡಿಕೊಟ್ಟು, ತಮ್ಮ ವಿಷಯ ಏನೂ ಹೇಳಲಾಗದೆ, ಕೈ ಒರೆಸಿಕೊಂಡು ಬಂದಿದ್ದರು.

ಅವರ ಬದುಕು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ಆ ವಯಸ್ಸಿನಲ್ಲಿ ಮನೆ ಬಿಟ್ಟು ಎರಡು ವರ್ಷ. ಬೆಳಿಗ್ಗೆ ಬೇಗ ಎದ್ದು ಓದಬೇಕು, ನಮ್ಮ ಭಾಷೆ ಕಲಿಯಬೇಕು, ಆಮೇಲೆ ಬಾಗಿಲು ತಟ್ಟಲು ಹೊರಡಬೇಕು. ಸಿನಿಮಾ ಇಲ್ಲ, ಚಹಾ ಇಲ್ಲ, ಕಾಫಿ ಇಲ್ಲ, ಹುಡುಗಿಯರ ಜೊತೆ ಸುತ್ತಾಟವಿಲ್ಲ. ವಾರಕ್ಕೊಮ್ಮೆ, ಬಟ್ಟೆ ಒಗೆಯುವ ದಿನ, ತಾಯಿಗೆ ಫೋನು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಇಬ್ಬರೂ ಯಾವಾಗಲೂ ಜೊತೆಯಲ್ಲೇ ಇರಬೇಕು. ಒಬ್ಬ ಕ್ಷೌರಕ್ಕೆ ಕೂತರೆ ಇನ್ನೊಬ್ಬ ಕನ್ನಡಿಯಲ್ಲಿ ಕಾಣುವ ಹಾಗೆ ಕೂತಿರುತ್ತಿದ್ದ. ಗಂಡ ಹೆಂಡತಿಗೂ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ.

ಇಬ್ಬರಲ್ಲಿ ಉದ್ದನೆಯವರು ಹೊಸಬರು. ಗಿಡ್ಡನೆಯವರು ಬಂದು ಕೆಲವು ತಿಂಗಳಾಗಿತ್ತು. ಗಿಡ್ಡನೆಯವರನ್ನು ಮೆಟ್ಟಿಲ ಬಳಿ ಕಾಣುವ ಹಾಗೆ ನಿಲ್ಲಿಸಿ ಉದ್ದನೆಯವರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ನಿವೃತ್ತ ಗುಮಾಸ್ತರು ಎಂದಿನಂತೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು.

“ನಮಸ್ಕಾರ,” ಎಂದರು ಉದ್ದನೆಯವರು. “ನನಗೆ ನಾಳೆ ಮುಂಜಾನೆಯೊಳಗೆ ಸ್ತ್ರೀ ಅವಶ್ಯಕವಾಗಿದೆ.”

ಗುಮಾಸ್ತರ ಪೇಪರು ಮೂಗಿನಿಂದ ಕೆಳಗಿಳಿಯಿತು.

“ಎಷ್ಟು?” ಎಂದೆ ನಾನು. ದಿನವಿಡೀ ಅದೇ ಕೆಲಸ ಮಾಡುವವನಿಗೆ ಬೇರೆ ಅರ್ಥ ಹೊಳೆಯುವುದಿಲ್ಲ.

“ಆರು. ನನ್ನ ಜೊತೆಗಾರರಿಗೂ ಆರು.”

ಗುಮಾಸ್ತರು ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಅವರು ಹೋದ ಮೇಲೆ ಚೀಲದಿಂದ ಅಂಗಿಗಳು ಹೊರಬಂದವು. ಅದನ್ನು ನೋಡಲು ಗುಮಾಸ್ತರು ಇರಲಿಲ್ಲ ಎಂಬುದು ಮುಂದೆ ಮುಖ್ಯವಾಗುತ್ತದೆ.

ಆ ಅಂಗಿಗಳಲ್ಲಿ ಒಂದರ ಜೇಬಿಗೆ ಸಿಕ್ಕಿಸಿದ್ದ ಹೆಸರಿನ ಕಪ್ಪು ಬಿಲ್ಲೆ ಹಾಗೇ ಇತ್ತು. ಇನ್ನೇನು ಇಸ್ತ್ರಿಪೆಟ್ಟಿಗೆ ಅದರ ಮೇಲೆ ಹೋಗಬೇಕು, ಅಷ್ಟರಲ್ಲಿ ಕಂಡಿತು. ನಮ್ಮ ಅಕ್ಷರದಲ್ಲೇ ಬರೆದಿತ್ತು. ಕೆಳಗಿನ ಸಾಲಿನಲ್ಲಿ ಅವರ ಹೆಸರು. ಒತ್ತಕ್ಷರದ ಕೆಳಗೆ ಒತ್ತಕ್ಷರ ಇದ್ದು ನನ್ನ ಕೈಲಾಗಲಿಲ್ಲ. ಮೇಲಿನ ಸಾಲು ಮಾತ್ರ ಸ್ಪಷ್ಟವಾಗಿತ್ತು: ಹಿರಿಯ.

ನಾನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ. ಅಚ್ಚಾದ ಮಾತನ್ನು ಹಗುರವಾಗಿ ನೋಡಬಾರದು ಎಂದು ಸಂಜೆ ಶಾಲೆಯ ಮೇಷ್ಟ್ರು ಹೇಳಿದ್ದರು. ಬಿಲ್ಲೆ ಮಾಡಿಸಿ ಎದೆಗೆ ಹಾಕಿದ್ದಾರೆಂದರೆ ಮೇಲಿನಿಂದ ಯಾರೋ ನೇಮಿಸಿರಬೇಕು. ಅಂದಿನಿಂದ ನಾನು ಅವರನ್ನು ಎತ್ತರದ ಪ್ರಕಾರ ದೊಡ್ಡ ಹಿರಿಯರು, ಚಿಕ್ಕ ಹಿರಿಯರು ಎಂದು ಕರೆಯತೊಡಗಿದೆ. ಬೀದಿಯೂ ಹಾಗೇ ಕರೆಯಿತು.

ಇಷ್ಟರಲ್ಲೇ ಅಕ್ಕ ಗಂಡನ ಮನೆ ಬಿಟ್ಟು ಬಂದಳು. ದೂರದಿಂದೇನೂ ಅಲ್ಲ, ಎದುರುಗಡೆಯಿಂದ. ರಸ್ತೆಯಾಚೆ ಭಾವನ ಸೈಕಲ್ ರಿಪೇರಿ ಅಂಗಡಿ. ಅದಕ್ಕೆ ಅಂಟಿಕೊಂಡೇ ಅವರ ಮನೆ. ಅಕ್ಕ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರ ಕಿರುಗುಟ್ಟುತ್ತದೆ ಎಂದು ಅವಳು ಗೊಣಗಿದ್ದನ್ನು ಕೇಳಿ, ಅವಳು ಮಲಗಿದ್ದಾಗ ಭಾವ ಅದಕ್ಕೆ ಸೈಕಲ್ ಚೈನಿನ ಗ್ರೀಸು ಮೆತ್ತಿದ್ದರು. ಮರುದಿನ, ನಮ್ಮ ಬೀದಿಯ ದಾದಿಯೊಬ್ಬರು ಮಗಳಿಗೆಂದು ಹೊಲಿಯಲು ಕೊಟ್ಟಿದ್ದ ಬಿಳಿ ಫ್ರಾಕಿನ ಉದ್ದಕ್ಕೂ ಕರಿ ಗೆರೆ.

“ಚಕ್ರ ಇದೆ, ಪೆಡಲ್ ಇದೆ. ಸೈಕಲ್ಲಿಗೂ ಇದಕ್ಕೂ ಏನು ವ್ಯತ್ಯಾಸ?” ಎಂದರಂತೆ ಭಾವ.

“ಸೈಕಲ್ಲೇ ಆಗಿದ್ರೆ ನಿಮ್ಮನ್ನ ಇದರ ಮೇಲೆ ಕೂರಿಸಿ ಯಾವತ್ತೋ ದೂರ ಕಳಿಸ್ತಿದ್ದೆ,” ಎಂದಳಂತೆ ಅಕ್ಕ.

ಅವಳು ಯಂತ್ರವನ್ನು ತಂದು ನನ್ನ ಇಸ್ತ್ರಿ ಮೇಜಿನ ಮೇಲೆ ಕುಕ್ಕಿದಳು. ಮೇಜು ಅರ್ಧ ಅವಳದಾಯಿತು. ಅವಳು ಪೆಡಲ್ ತುಳಿದರೆ ನನ್ನ ಕೈ ನಡುಗುತ್ತಿತ್ತು. ಕೋಪದಲ್ಲಿ ತುಳಿದರೆ ಗಿರಾಕಿಗಳ ಕಾಲರು ಸುಡುತ್ತಿತ್ತು.

“ನೋಡೋ,” ಎಂದಳು ಒಂದು ದಿನ. “ದೂರದ ಊರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಾ ಅಂದಿದ್ದಾರೆ. ಸೋಮವಾರ ಬಸ್ ಹತ್ತುತ್ತೀನಿ.”

“ಅಕ್ಕಾ, ಒಂದು ಗ್ರೀಸಿಗೆ?”

“ಗ್ರೀಸಿಗಲ್ಲ. ಇವತ್ತಿನವರೆಗೂ ತಪ್ಪಾಯ್ತು ಅಂದಿಲ್ಲ ಆ ಮನುಷ್ಯ. ಯಾರಾದ್ರೂ ಹಿರಿಯರು ಬಂದು ಕೂತು, ನ್ಯಾಯ ಹೇಳಿದ್ರೆ ಸರಿ. ಇಲ್ಲಾಂದ್ರೆ ಸೋಮವಾರ.”

ನಾನು ರಸ್ತೆ ದಾಟಿ ಭಾವನ ಹತ್ತಿರ ಹೋದೆ. ಅವರು ಒಂದು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಆ ಟ್ಯೂಬಿನಲ್ಲಿ ತೂತೇ ಇರಲಿಲ್ಲ. ಮುಖ ಬಾಡಿತ್ತು.

“ನಾನು ಬೇಡ ಅಂದ್ನಾ?” ಎಂದರು. “ಹಿರಿಯರು ಬರ್ಲಿ. ತಪ್ಪು ಯಾರದು ಅಂತ ಗೊತ್ತಾಗ್ಲಿ.”

ಎಲ್ಲ ಸರಿ, ಹಿರಿಯರನ್ನು ಎಲ್ಲಿಂದ ತರುವುದು? ಅಪ್ಪ ಅಮ್ಮ ಇಲ್ಲ. ಇರುವ ಒಬ್ಬ ದೊಡ್ಡಪ್ಪನಿಗೆ ಕಿವಿ ಕೇಳುವುದಿಲ್ಲ. ಅವರನ್ನು ಕರೆಸಿದರೆ ಇಡೀ ಜಗಳವನ್ನು ಮತ್ತೊಮ್ಮೆ ಕೂಗಿ ಆಡಬೇಕು. ಬೀದಿಯಲ್ಲಿ ಹಿರಿಯರೆಂದರೆ ನಿವೃತ್ತ ಗುಮಾಸ್ತರು. ಅವರು ಹಿಂದೆ ಒಂದು ಕಸದ ಡಬ್ಬಿಯ ಜಗಳ ಬಿಡಿಸಿದ್ದರು. ಅದಾದ ಮೇಲೆ ಎರಡೂ ಮನೆಯವರು ಬೀದಿ ಬಿಟ್ಟು ಹೋಗಿದ್ದರು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮೆಟ್ಟಿಲ ಮೇಲೆ ನಾಲ್ಕು ಬೂಟುಗಳ ಸದ್ದಾಯಿತು. ಕಣ್ಣೆತ್ತಿದೆ. ಎದುರಿಗೆ ಎರಡು ಕಪ್ಪು ಬಿಲ್ಲೆಗಳು ಹೊಳೆಯುತ್ತಿದ್ದವು.

ಆ ದಿನ ಚಿಕ್ಕ ಹಿರಿಯರ ಅಂಗಿ ತಿಳಿಗುಲಾಬಿ ಬಣ್ಣದ್ದಾಗಿತ್ತು. ಒಂದಲ್ಲ, ಆ ವಾರ ಉಜ್ಜಲು ಬಂದ ಅವರ ಆರೂ ಅಂಗಿ ಗುಲಾಬಿ. ಬಡ್ತಿ ಸಿಕ್ಕಿರಬೇಕು ಎಂದುಕೊಂಡಿದ್ದೆ. ಅವರು ಈಗ ದೊಡ್ಡ ಹಿರಿಯರಿಂದ ಒಂದು ಮಾರು ದೂರ ನಿಂತಿದ್ದರು, ಮಾತಿಲ್ಲ, ಮುಖ ಗೋಡೆಯ ಕಡೆ. ಹಿರಿಯರೆಂದರೆ ಹೀಗಿರಬೇಕು, ಮಾತು ಕಡಿಮೆ ಎಂದು ನನಗೆ ಇನ್ನಷ್ಟು ಗೌರವ ಬಂತು.

“ತಪ್ಪು ತಿಳೀಬೇಡಿ,” ಎಂದೆ ದೊಡ್ಡ ಹಿರಿಯರಿಗೆ. “ನೀವು ನಿಜವಾಗ್ಲೂ ಹಿರಿಯರೇನಾ?”

“ಹೌದು. ನಾನು ಹಿರಿಯ. ಇವರೂ ಹಿರಿಯ.”

“ವಯಸ್ಸು ಚಿಕ್ಕದು ಕಾಣುತ್ತೆ.”

“ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹಿರಿಯರಾಗುತ್ತೇವೆ.”

ಯೋಚಿಸಿದೆ. ಮುಂದುವರಿದ ದೇಶ. ಅಲ್ಲಿ ಎಲ್ಲವೂ ಬೇಗ ಆಗುತ್ತದೆ.

“ಒಂದು ಕುಟುಂಬ ಇದೆ,” ಎಂದೆ. “ಗಂಡ ಹೆಂಡತಿ. ಇಬ್ರೂ ಹಿರಿಯರ ಮಾತು ಕೇಳಬೇಕು ಅಂತ ಕಾಯ್ತಾ ಇದ್ದಾರೆ.”

ಅವರ ಕೈಯಲ್ಲಿದ್ದ ಅಂಗಿಗಳ ಕಟ್ಟು ನೆಲಕ್ಕೆ ಬಿತ್ತು. ಬಂದಾಗಿನಿಂದ ಒಬ್ಬರಾದರೂ ಅವರನ್ನು ಕೂರಿಸಿ ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲು ಹಾಕಿದ್ದರು, ನಾಯಿ ಬಿಟ್ಟಿದ್ದರು, ನಲ್ಲಿ ತೋರಿಸಿದ್ದರು.

“ಕಾಯುತ್ತಿದ್ದಾರೆಯೇ? ಅವರಾಗಿಯೇ?”

“ಊಟ ನಿದ್ದೆ ಬಿಟ್ಟು.”

“ಅವರಿಗೆ ಏನನ್ನು ತಿಳಿಯುವ ಅಭಿಲಾಷೆಯಿದೆ?”

“ಕುಟುಂಬ ಒಂದಾಗಿ ಇರೋದು ಹೇಗೆ ಅಂತ.”

ಅವರು ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದರು. “ಇದೇ! ಇದೇ ನಮ್ಮ ಸಂದೇಶ!” ಎಂದು ಕೂಗಿ, ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಹೋದರು. ನಿಯಮ ನಿಯಮವೇ, ಚಿಕ್ಕ ಹಿರಿಯರು ಮುಖ ಗಂಟಿಕ್ಕಿಕೊಂಡೇ ಬಿದ್ದ ಅಂಗಿಗಳನ್ನು ಆರಿಸಿಕೊಂಡು ಹಿಂದೆ ಓಡಿದರು. ಅವತ್ತಿಡೀ ಮೇಲಿನಿಂದ ದೊಡ್ಡ ಹಿರಿಯರು ಅಭ್ಯಾಸ ಮಾಡುವ ದನಿ ಕೇಳುತ್ತಿತ್ತು: “ಕುಟುಂಬವು, ಕುಟುಂಬದ, ಕುಟುಂಬಕ್ಕೆ, ಕುಟುಂಬದಿಂದ.”

ಶನಿವಾರ ಸಂಜೆಯೆಂದು ಗೊತ್ತಾಯಿತು. ನಾನು ಗುಟ್ಟಾಗಿಟ್ಟಿದ್ದೆ, ಅಂದರೆ ಮೂಲೆಮನೆ ಅಜ್ಜಿಗೆ ಮಾತ್ರ ಹೇಳಿದ್ದೆ. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಅರ್ಧ ಬೀದಿ ನೆರೆದಿತ್ತು. ಅಕ್ಕ ಯಂತ್ರದ ಹಿಂದೆ ಕೂತಳು. ಭಾವ ಒಳಗೆ ಬರಲೊಪ್ಪದೆ ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂತರು. ಹಿರಿಯರಿಬ್ಬರೂ ಕುರ್ಚಿಯಲ್ಲಿ ಕೂತು ನೆರೆದ ಜನರನ್ನು ನೋಡಿದರು. ದೊಡ್ಡ ಹಿರಿಯರ ಕಣ್ಣಲ್ಲಿ ನೀರೇ ಬಂತು. ಒಂದು ಕುಟುಂಬ ಅಂದಿದ್ದು, ಬೀದಿಗೆ ಬೀದಿಯೇ ಬಂದಿದೆ.

ಅಕ್ಕ ಚಹಾ ಕೊಟ್ಟಳು. ದೊಡ್ಡ ಹಿರಿಯರು ಎದೆಯ ಮೇಲೆ ಕೈಯಿಟ್ಟು, “ಕ್ಷಮಿಸಿ, ನಾವು ಕುಡಿಯುವುದಿಲ್ಲ. ನೀರು ಸಾಕು,” ಎಂದರು.

ಹೊರಗೆ ಗುಸುಗುಸು ಎದ್ದಿತು.

“ಯಾಕಂತೆ?” ಎಂದರು ಯಾರೋ.

“ಹೆಂಡತಿ ಕಡೆ ಚಹಾ ಕುಡಿದ್ರೆ ಗಂಡನ ಕಡೆಯವರು ಸುಮ್ಮನಿರ್ತಾರಾ?” ಎಂದರು ಮೂಲೆಮನೆ ಅಜ್ಜಿ. “ತೀರ್ಪು ಆಗೋವರೆಗೂ ಬರೀ ನೀರು. ಹಿರಿಯರು ಅಂದ್ರೆ ಹೀಗಿರಬೇಕು.”

ದೊಡ್ಡ ಹಿರಿಯರು ಗಂಟಲು ಸರಿಪಡಿಸಿಕೊಂಡು ಎದ್ದು ನಿಂತರು.

“ಪ್ರಿಯ ಸಹೋದರ ಸಹೋದರಿಯರೇ. ನಿಮಗೆ ಒಂದು ಶುಭ ಸಮಾಚಾರ. ಪತಿ ಮತ್ತು ಪತ್ನಿ ಎಂದೆಂದಿಗೂ ಜೊತೆಯಲ್ಲಿರಬಹುದು.”

ಅಕ್ಕ ತಲೆಯೆತ್ತಿದಳು. “ಎಂದೆಂದಿಗೂ ಅಂದ್ರೆ?”

“ಮರಣದ ನಂತರವೂ.”

“ಸತ್ತ ಮೇಲೂ ಇವರ ಜೊತೇನಾ?”

“ಹೌದು,” ಎಂದರು ದೊಡ್ಡ ಹಿರಿಯರು, ಸಂತೋಷದಿಂದ ಮುಖ ಅರಳಿಸಿ. “ಶಾಶ್ವತವಾಗಿ. ಅಂತ್ಯವೇ ಇಲ್ಲ.”

“ಇಷ್ಟು ದೊಡ್ಡ ಶಿಕ್ಷೆ ಕೊಡೋ ಅಂಥ ತಪ್ಪು ನಾನೇನಪ್ಪಾ ಮಾಡಿದ್ದೀನಿ?”

ಹೊಸ್ತಿಲ ಮೇಲಿನ ಬೆನ್ನು ತಟ್ಟನೆ ತಿರುಗಿತು. “ಯಾಕೆ? ನನ್ನ ಜೊತೆ ಇರೋಕೆ ಏನಾಗಿದೆ ನಿಂಗೆ?”

“ಅಲ್ಲೂ ಗ್ರೀಸ್ ಡಬ್ಬ ತರ್ತೀರಾ?”

“ಅಲ್ಲೂ ನಿನ್ನ ಯಂತ್ರ ಕಿರ್ ಅಂದ್ರೆ ತರ್ತೀನಿ.”

ದೊಡ್ಡ ಹಿರಿಯರು ಅವರ ಮುಖ, ಇವರ ಮುಖ ನೋಡಿದರು. ಚೀಲದಿಂದ ತಮ್ಮ ಧರ್ಮದ ಪುಸ್ತಕ ತೆಗೆದು ಹಾಳೆ ಮಗುಚತೊಡಗಿದರು. ಅಷ್ಟರಲ್ಲಿ ಜನ ದಾರಿ ಬಿಟ್ಟರು. ನಿವೃತ್ತ ಗುಮಾಸ್ತರು, ಹಿಂದೆ ಒಬ್ಬ ಪೊಲೀಸಪ್ಪ.

“ಇವರೇ,” ಎಂದರು ಗುಮಾಸ್ತರು. “ಬರೆದುಕೊಳ್ಳಿ. ಒಂದು, ಮೀಸೆ ಬಾರದ ವಯಸ್ಸಲ್ಲಿ ಹಿರಿಯರು ಅಂತ ಬಿಲ್ಲೆ ಹಾಕ್ಕೊಂಡಿದ್ದಾರೆ. ಎರಡು, ದಿನಾ ಬೆಳಿಗ್ಗೆ ಈ ಅಂಗಡಿಗೆ ಬಂದು ಸ್ತ್ರೀ ಬೇಕು ಅಂತಾರೆ. ಡಜನ್ ಲೆಕ್ಕದಲ್ಲಿ.”

ಪೊಲೀಸಪ್ಪ ನನ್ನ ಕಡೆ ತಿರುಗಿದರು. “ನೀನು ಕೊಡ್ತೀಯಾ?”

“ಕೊಡ್ತೀನಿ ಸಾರ್,” ಎಂದೆ. ಪೊಲೀಸರ ಮುಂದೆ ನನಗೆ ಸುಳ್ಳು ಬರುವುದಿಲ್ಲ, ನಿಜವೂ ನೆಟ್ಟಗೆ ಬರುವುದಿಲ್ಲ. “ಸುಕ್ಕಿಲ್ಲದ ಹಾಗೆ ಮಾಡಿ, ಮಡಚಿ ಕೊಡ್ತೀನಿ.”

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪೊಲೀಸಪ್ಪನ ಮೂಗಿನ ಹತ್ತಿರ ಹಿಡಿದಳು. “ಇದು ಸಾರ್, ಇವರು ಕೇಳೋ ಸ್ತ್ರೀ. ಬಿಸಿ ಇದೆ, ಮುಟ್ಟಿ ನೋಡ್ತೀರಾ?”

ಪೊಲೀಸಪ್ಪ ಎರಡನೆಯ ಆಪಾದನೆಯನ್ನು ಅಲ್ಲಿಗೇ ಕೈಬಿಟ್ಟರು. ಮೊದಲನೆಯದಕ್ಕೆ ಬಂದರು. “ಏನಪ್ಪಾ, ನಿಮ್ಮಿಬ್ಬರಲ್ಲಿ ಹಿರಿಯ ಯಾರು?”

“ನಾನು ಹಿರಿಯ. ಇವರೂ ಹಿರಿಯ.”

“ನಿಮ್ಮ ಮೇಲಿನವರು?”

“ಅವರೂ ಹಿರಿಯರು.”

“ಹಾಗಾದ್ರೆ ಕಿರಿಯರು ಯಾರು?”

“ಯಾರೂ ಇಲ್ಲ,” ಎಂದರು ದೊಡ್ಡ ಹಿರಿಯರು ವಿನಯದಿಂದ.

“ನಮ್ಮ ಠಾಣೆಯೂ ಹೀಗೇ,” ಎಂದು ಪೊಲೀಸಪ್ಪ ಟೋಪಿ ತೆಗೆದು ಗುಮಾಸ್ತರ ಸ್ಟೂಲಿನ ಮೇಲೆ ಕೂತರು. “ಇರ್ಲಿ, ಮುಂದುವರಿಸಿ. ಎಲ್ಲಿಗೆ ಬಂದಿತ್ತು ಜಗಳ?”

ಗುಮಾಸ್ತರಿಗೆ ಕೂರಲು ಜಾಗವೂ ಇಲ್ಲದಾಯಿತು.

ನಾನು ಮೆಲ್ಲಗೆ ದೊಡ್ಡ ಹಿರಿಯರ ಕಿವಿಯಲ್ಲಿ ನಿಜಸ್ಥಿತಿ ಹೇಳಿದೆ: ಬಿಳಿ ಫ್ರಾಕು, ಗ್ರೀಸು, ಸೋಮವಾರದ ಬಸ್ಸು, ನ್ಯಾಯ ಹೇಳಬೇಕಾದ ಹಿರಿಯರು. ಅವರು ಎದೆಯ ಬಿಲ್ಲೆಯನ್ನು ಅಂಗೈಯಿಂದ ಮುಚ್ಚಿಕೊಂಡರು. “ನಾನು ಆ ವಿಧದ ಹಿರಿಯನಲ್ಲ,” ಎಂದರು ಸಣ್ಣ ದನಿಯಲ್ಲಿ. “ಹಿರಿಯ ಎಂಬುದು ನಮ್ಮ ಪ್ರಚಾರಕರೆಲ್ಲರಿಗೂ ಕೊಡುವ ಬಿರುದು. ನನ್ನ ಮನೆಯಲ್ಲಿ ನಾನು ಕೊನೆಯ ಮಗ.”

ಆಗ ಅಕ್ಕನ ಕಣ್ಣು ಚಿಕ್ಕ ಹಿರಿಯರ ಅಂಗಿಯ ಮೇಲೆ ಬಿತ್ತು. ಬಟ್ಟೆಯ ವಿಷಯದಲ್ಲಿ ಅವಳ ಕಣ್ಣನ್ನು ತಪ್ಪಿಸಲಾಗದು.

“ಇದೇನು ಬಣ್ಣ? ಇದು ಬಿಳಿ ಬಟ್ಟೆ ಅಲ್ವಾ?”

ಚಿಕ್ಕ ಹಿರಿಯರು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಈಗ ಬೆರಳು ತೋರಿಸಿ, “ಇವರು. ಕೆಂಪು ಕಾಲುಚೀಲ. ನನ್ನ ಬಕೀಟಿನಲ್ಲಿ. ಆರು ಅಂಗಿ,” ಎಂದರು. ಒಂದೊಂದು ಮಾತಿಗೂ ಮೂಗಿನ ತುದಿ ಕೆಂಪಾಗುತ್ತಿತ್ತು.

“ನಾನು ಸಹಾಯ ಮಾಡುವ ಉದ್ದೇಶದಿಂದ ಒಗೆದೆ,” ಎಂದರು ದೊಡ್ಡ ಹಿರಿಯರು.

“ಕೇಳಿದ್ರಾ?” ಎಂದು ಭಾವ ಹೊಸ್ತಿಲಿಂದ ಎದ್ದು ಒಳಗೇ ಬಂದುಬಿಟ್ಟರು. “ಸಹಾಯ ಮಾಡೋಕೆ ಹೋದವರಿಗೆಲ್ಲ ಇದೇ ಗತಿ.”

“ನೀವು ಸುಮ್ನಿರಿ,” ಎಂದಳು ಅಕ್ಕ. ಚಿಕ್ಕ ಹಿರಿಯರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. “ಎಷ್ಟು ದಿನದಿಂದ ಮಾತಿಲ್ಲಪ್ಪಾ?”

“ಸೋಮವಾರದಿಂದ.”

“ಮಾತಿಲ್ಲದೆ ಒಂದೇ ಮನೇಲಿ ಹೇಗಿದ್ದೀರಿ?”

“ನಿಯಮ,” ಎಂದರು ಚಿಕ್ಕ ಹಿರಿಯರು. “ಕೋಪ ಬಂದರೂ ಬಿಟ್ಟು ಹೋಗುವಂತಿಲ್ಲ. ಕಣ್ಣಿಗೆ ಕಾಣುವಂತಿರಬೇಕು.”

ಭಾವ ಅಕ್ಕನನ್ನೂ, ಅಕ್ಕ ಎದುರಿನ ಸೈಕಲ್ ಅಂಗಡಿಯನ್ನೂ ನೋಡಿದರು. ಆಮೇಲೆ ಅಕ್ಕ ದೊಡ್ಡ ಹಿರಿಯರ ಕಡೆ ತಿರುಗಿದಳು. ಅವರು ತಮ್ಮಷ್ಟಕ್ಕೆ ತಾವೇ ನೆಟ್ಟಗೆ ನಿಂತರು.

“ತಪ್ಪಾಯ್ತು ಅಂದ್ಯಾ?”

“ನಾನು ಕಾರಣವನ್ನು ವಿವರಿಸಿದೆ.”

“ಕಾರಣ ಯಾರಿಗೆ ಬೇಕು? ಅವರ ಆರು ಅಂಗಿ ಹೋಗಿದೆ. ಅಷ್ಟು ದೂರದಿಂದ ಬಂದಿದ್ದಾರೆ, ಇನ್ನೊಂದು ಅಂಗಿ ಕಳಿಸು ಅಂತ ಇವತ್ತು ಅಮ್ಮನ್ನ ಕೇಳೋಕಾಗುತ್ತಾ? ಹೇಳು, ತಪ್ಪಾಯ್ತು ಅಂತ.”

ದೊಡ್ಡ ಹಿರಿಯರ ಕಿವಿ ಚಿಕ್ಕ ಹಿರಿಯರ ಅಂಗಿಗಿಂತ ಹೆಚ್ಚು ಗುಲಾಬಿಯಾಯಿತು. ಜೊತೆಗಾರನ ಎದುರು ನಿಂತು, ತರಗತಿಯಲ್ಲಿ ಕಲಿತ ಅತಿ ದೊಡ್ಡ ಪದವನ್ನು ಹುಡುಕಿ ತೆಗೆದರು.

“ನನ್ನಿಂದ ಪ್ರಮಾದವಾಯಿತು. ದಯವಿಟ್ಟು ಕ್ಷಮಿಸು.”

ಚಿಕ್ಕ ಹಿರಿಯರು ಅವರ ಭಾಷೆಯಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ಹೊರಗೆ ಮೂಲೆಮನೆ ಅಜ್ಜಿ ಕಣ್ಣೊರೆಸಿಕೊಂಡರು. ಪೊಲೀಸಪ್ಪ, “ಸರಿ, ಅವರದ್ದು ಮುಗೀತು,” ಎಂದರು. ಆಮೇಲೆ ಇಡೀ ಬೀದಿ ಒಟ್ಟಿಗೆ ಭಾವನನ್ನು ನೋಡಿತು.

ಭಾವ ಸೀಲಿಂಗ್ ನೋಡಿದರು, ನೆಲ ನೋಡಿದರು, ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿದರು.

“ನಂದೂ ಅದೇ. ಅವರು ಹೇಳಿದ್ದೇ.”

“ಅವರು ಹೇಳಿದ್ದು ಅವರದಾಯ್ತು,” ಎಂದಳು ಅಕ್ಕ. “ನಿಮ್ಮ ಬಾಯಲ್ಲಿ ಕೇಳೋಣ.”

ಒಂದು ಕ್ಷಣ ಭಾವ ಹೊರಟೇಹೋಗುತ್ತಾರೆ ಅನ್ನಿಸಿತು. ಅವರು ಯಂತ್ರದ ಹತ್ತಿರ ಬಂದು, ಚಕ್ರದ ಮೇಲೆ ಕೈಯಿಡಲು ಹೋಗಿ, ಕೈ ನೋಡಿಕೊಂಡು ಹಿಂದಕ್ಕೆ ತೆಗೆದರು.

“ಪ್ರಮಾದ ಆಯ್ತು,” ಎಂದರು.

ಅಕ್ಕನ ಮುಖ ನೋಡಬೇಕಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಪದ ಅವರ ಬಾಯಿಂದ ಬಂದಿರಲಿಲ್ಲ. ನಗು ತಡೆಯಲು ಸೆರಗಿಲ್ಲದವಳ ಹಾಗೆ ಉಜ್ಜಿಟ್ಟಿದ್ದ ಯಾರದೋ ಅಂಗಿಯನ್ನು ಬಾಯಿಗೆ ಒತ್ತಿಕೊಂಡಳು. ಅದನ್ನು ನಾನು ಮತ್ತೆ ಉಜ್ಜಬೇಕಾಯಿತು.

“ಎತ್ತಿ ಯಂತ್ರ,” ಎಂದಳು. “ಮೊದಲು ಸೋಪು ಹಾಕಿ ಕೈ ತೊಳ್ಕೊಂಡು ಎತ್ತಿ.” ಹೊಸ್ತಿಲು ದಾಟುವಾಗ ದೊಡ್ಡ ಹಿರಿಯರಿಗೆ ಹೇಳಿದಳು: “ಸತ್ತ ಮೇಲಿನದು ಆಮೇಲೆ ನೋಡೋಣಪ್ಪಾ. ಸದ್ಯಕ್ಕೆ ಸೋಮವಾರ ಹೋಗಲ್ಲ.”

ಮರುದಿನದಿಂದ ಅವಳ ಯಂತ್ರ ಭಾವನ ಸೈಕಲ್ ಅಂಗಡಿಯೊಳಗೇ ಬಂದು ಕೂತಿತು. ಕಣ್ಣಿಗೆ ಕಾಣುವಂತಿರಬೇಕು ಎಂಬ ನಿಯಮವನ್ನು ಅವಳು ಅಕ್ಷರಶಃ ಹಿಡಿದಳು. ಭಾವ ಕ್ಷೌರಕ್ಕೆ ಹೋದರೂ ಹೇಳಿ ಹೋಗಬೇಕು. ಗ್ರೀಸ್ ಡಬ್ಬದ ಬಾಯಿಗೆ ಬಟ್ಟೆ ಬಿಗಿದು ಹೊಲಿಗೆ ಹಾಕಿಟ್ಟಿದ್ದಾಳೆ. ಆರು ಗುಲಾಬಿ ಅಂಗಿಗಳನ್ನೂ ತರಿಸಿಕೊಂಡು, ಏನೇನೋ ಹಾಕಿ ನೆನೆಸಿ, ನಾಲ್ಕನ್ನು ಬೆಳ್ಳಗೆ ಮಾಡಿ ಕೊಟ್ಟಳು.

ಕೆಲವು ವಾರಗಳ ನಂತರ ದೊಡ್ಡ ಹಿರಿಯರಿಗೆ ಬೇರೆ ಊರಿಗೆ ವರ್ಗವಾಯಿತು. ಅವರಲ್ಲಿ ಹಾಗೆ ಆಗುತ್ತಿರುತ್ತದಂತೆ. ಗುಮಾಸ್ತರು ಅದನ್ನು ತಾವೇ ಮಾಡಿಸಿದ್ದು ಎನ್ನುತ್ತಾರೆ. ಹೊರಡುವ ಹಿಂದಿನ ದಿನ ಕೊನೆಯ ಅಂಗಿಗಳಿಗೆ ಬಂದಾಗ ದೊಡ್ಡ ಹಿರಿಯರು ಕೇಳಿದರು: “ಆ ಕುಟುಂಬ ನಮ್ಮ ಮಾತನ್ನು ಕೇಳಿತೇ?”

“ಕೇಳಿತು,” ಎಂದೆ. ಯಾವ ಮಾತನ್ನು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ಅವರು ಮೆಟ್ಟಿಲ ಮೇಲೆ ಕೂತು ತಾಯಿಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದರು, ನಕ್ಕರು. ಎಲ್ಲ ಅವರ ಭಾಷೆ. ನನಗೆ ತಿಳಿದದ್ದು ಮಧ್ಯದಲ್ಲಿ ಬಂದ ನಮ್ಮ ಮಾತು ಒಂದೇ. ಇಸ್ತ್ರಿ ಎಂದರೋ, ಸ್ತ್ರೀ ಎಂದರೋ. ನನ್ನ ವಿಷಯ ಹೇಳುತ್ತಿದ್ದರೋ, ಅಕ್ಕನ ವಿಷಯವೋ. ಆ ಮೊದಲ ಅಕ್ಷರ ಇತ್ತೋ ಇಲ್ಲವೋ ಎಂದು ಎಷ್ಟು ನೆನಪಿಸಿ ನೋಡಿದರೂ ನನಗೆ ಗೊತ್ತಾಗುವುದಿಲ್ಲ. ಈಗ ಕೇಳೋಣವೆಂದರೆ ಅವರು ಯಾವ ಊರಿನಲ್ಲಿದ್ದಾರೆಂಬುದೂ ನನಗೆ ಗೊತ್ತಿಲ್ಲ.